ತಾನ್ ಅಜ್ಜಿಯ ಪೆಟ್ಟಿಗೆ ಪೇಟೆಗೆ ಹೋದದ್ದು

ಬೈಶುವಾನ್ ಹಳ್ಳಿಯವರು ತಮ್ಮ ಮನೆ, ಅಂಗಳ, ಹಿತ್ತಲು ಎಲ್ಲವನ್ನೂ ಬಿಟ್ಟುಕೊಟ್ಟು, ಗುಡ್ಡದ ಕೆಳಗಿನ ಲಿಯುಹೆ ಪೇಟೆಯ ಹೊಸ ಮಹಡಿ ಮನೆಗಳಿಗೆ ಹೋಗಬೇಕೋ ಬೇಡವೋ ಎಂಬ ದೊಡ್ಡ ಪ್ರಶ್ನೆ ಕಡೆಗೆ ಬಂದು ನಿಂತದ್ದು ಒಂದು ಶವಪೆಟ್ಟಿಗೆಯ ಮೇಲೆ.

ಪೆಟ್ಟಿಗೆಯ ಒಡತಿ ತಾನ್ ಅಜ್ಜಿಗೆ ಸಾಯುವ ಅವಸರವೇನೂ ಇರಲಿಲ್ಲ. ಎಂಬತ್ತು ದಾಟಿದ್ದರೂ ಹಲ್ಲಿನಲ್ಲೇ ಸೂರ್ಯಕಾಂತಿ ಬೀಜ ಒಡೆದು ಸಿಪ್ಪೆ ಉಗುಳುತ್ತಿದ್ದಳು. ಅರವತ್ತು ತುಂಬಿದ ವರ್ಷ ಎಲ್ಲರ ಹಾಗೆ ಅವಳೂ ಸೈಪ್ರಸ್ ಮರದ ಪೆಟ್ಟಿಗೆ ಮಾಡಿಸಿಕೊಂಡಿದ್ದಳು. ಮುಂಚಿತವಾಗಿ ಮಾಡಿಸಿಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದು ಆ ಕಡೆಯ ನಂಬಿಕೆ, ಅಜ್ಜಿಯನ್ನು ನೋಡಿದರೆ ಅದು ಸುಳ್ಳಲ್ಲ ಎನ್ನಬೇಕು. ಪ್ರತಿ ಶರತ್ಕಾಲಕ್ಕೆ ಅದಕ್ಕೊಂದು ಕೈ ಅರಗು ಬಳಿಸುತ್ತಿದ್ದಳು. ಈಗ ಅದು ನಡುಮನೆಯಲ್ಲಿ ಕಪ್ಪು ಎಮ್ಮೆಯ ಹಾಗೆ ಮಿರಮಿರ ಮಿಂಚುತ್ತ ಮಲಗಿತ್ತು. ಒಳಗೆ ಸಿಹಿಗೆಣಸು ತುಂಬಿಡುತ್ತಿದ್ದರು. ಇಲಿ ಬರುತ್ತಿರಲಿಲ್ಲ.

"ನಾನೇನು ಬರೋದಿಲ್ಲ ಅಂದ್ನಾ?" ಎನ್ನುತ್ತಿದ್ದಳು ಅಜ್ಜಿ. "ನನ್ನ ಪೆಟ್ಟಿಗೆ ಅವರು ಕೊಡ್ತೀವಿ ಅನ್ನೋ ಆ ಮೂರನೇ ಮಹಡಿ ಹತ್ತಲಿ. ಅದರ ಹಿಂದೇನೇ ನಾನೂ ಹತ್ತುತೀನಿ. ಪೆಟ್ಟಿಗೆ ಇಲ್ಲದ ಮನೇಲಿ ನಂಗೆ ನಿದ್ದೆ ಬರಲ್ಲ."

ಊರಿನವರಿಗೂ ಇದು ಅನುಕೂಲವೇ ಆಗಿತ್ತು. ಒಪ್ಪಿಗೆ ಪತ್ರಕ್ಕೆ ಮೊದಲು ಹೆಬ್ಬೆಟ್ಟೊತ್ತಿದವನು ಊರು ಮಾರಿದವನು ಎನಿಸಿಕೊಳ್ಳುತ್ತಾನೆ, ಕಡೆಗೆ ಒತ್ತಿದವನು ಪೆದ್ದ ಎನಿಸಿಕೊಳ್ಳುತ್ತಾನೆ. ಹಾಗಾಗಿ ಎಲ್ಲರೂ ನಡುವಿನವರಾಗಲು ಕಾದಿದ್ದರು. ಕೇಳಿದರೆ, "ತಾನ್ ಅಜ್ಜಿಯ ಪೆಟ್ಟಿಗೆ ಹತ್ತಿದರೆ ನಮ್ಮ ಮನೆ ಪೆಟ್ಟಿಗೇನೂ ಹತ್ತೀತು, ಮೊದಲು ಅದು ಹತ್ತಲಿ" ಎನ್ನುತ್ತಿದ್ದರು. ಮುದುಕರಿರುವ ಪ್ರತಿ ಮನೆಯಲ್ಲೂ ಅಂಥದೊಂದು ಇತ್ತಲ್ಲ.

ಈ ಪೆಟ್ಟಿಗೆಗೂ ಊರಿಗೂ ನಡುವೆ ಸಿಕ್ಕಿಬಿದ್ದವನು ಅಜ್ಜಿಯ ಮಗ ಫುಶೆಂಗ್. ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಹೊಲದಲ್ಲಿ ಪರರ ಹಸು ಮೇದರೂ, ಪಾಪ ಹಸಿದಿತ್ತೇನೋ ಎನ್ನುವವನು. ಅವನಿಗೆ ಹೊಸ ಮನೆಯ ಗ್ಯಾಸ್ ಒಲೆಯ ಮೇಲಾಗಲಿ, ಬಿಸಿನೀರಿನ ನಲ್ಲಿಯ ಮೇಲಾಗಲಿ ಆಸೆ ಇರಲಿಲ್ಲ. ಅವನ ಆಸೆ ಒಂದೇ: ಹೆಂಡತಿ ಮಿಂಗ್‌ಫೆನ್ ಜೊತೆ ಒಂದೇ ಸೂರಿನ ಕೆಳಗೆ ದಿನಾ ರಾತ್ರಿ ಉಣ್ಣಬೇಕು.

ಮಿಂಗ್‌ಫೆನ್ ಲಿಯುಹೆ ಪೇಟೆಯ ಶಾಲೆಯಲ್ಲಿ ಅಡುಗೆಗಿದ್ದಳು. ಅಡುಗೆಮನೆಯ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದಳು. ಹಬ್ಬಕ್ಕೆ ಬಂದರೆ ಎರಡು ದಿನ ಇದ್ದು, ಮೂರನೆಯ ದಿನ ಕೋಳಿ ಕೂಗುವ ಮೊದಲೇ ಗಂಟು ಕಟ್ಟುತ್ತಿದ್ದಳು. "ಮಂಡಿ ನೋವು. ಈ ಗುಡ್ಡ ಹತ್ತಿ ಇಳಿಯೋದು ನನ್ನ ಕೈಲಾಗಲ್ಲ" ಎಂದು ಅವಳ ಮಾತು. ಫುಶೆಂಗ್ ಅವಳ ಮಂಡಿಗಾಗಿ ತರದ ಎಣ್ಣೆಯಿಲ್ಲ, ಹಚ್ಚಿಸದ ಪಟ್ಟಿಯಿಲ್ಲ. ಹೊಸ ಮಹಡಿ ಮನೆಗಳು ಆ ಶಾಲೆಯ ಎದುರಿಗೇ ಎದ್ದದ್ದು ನೋಡಿ, ದೇವರು ತನ್ನ ಹೆಂಡತಿಯ ಮಂಡಿಯನ್ನು ನೋಡಿಯೇ ಆ ಜಾಗ ಆರಿಸಿದ್ದಾನೆ ಎಂದುಕೊಂಡಿದ್ದ.

ಪೇಟೆ ಕಚೇರಿಯಿಂದ ದಿನಾ ಗುಡ್ಡ ಹತ್ತಿ ಬರುತ್ತಿದ್ದ ಔಯಾಂಗ್ ಎಂಬ ಹುಡುಗಿ ಕಡೆಗೆ ಒಂದು ದಾರಿ ಹುಡುಕಿದಳು. ಊರವರನ್ನು ಒಲಿಸುವುದು ಅವಳ ಕೆಲಸ. ಈವರೆಗೆ ಒಬ್ಬರೂ ಒಲಿಯದೆ, ಚಪ್ಪಲಿ ಮಾತ್ರ ಸವೆದಿತ್ತು.

"ಅಣ್ಣ, ಮೂರನೇ ಮಹಡಿ ಬೀಗದ ಕೈ ತಗೊಳ್ಳಿ. ಒಂದು ತಿಂಗಳು ಸುಮ್ನೆ ಇದ್ದು ನೋಡಿ. ಹಿಡಿಸಿದರೆ ಮನೆಯವರೆಲ್ಲ ಬಂದು ಹೆಬ್ಬೆಟ್ಟೊತ್ತಿ. ಹಿಡಿಸದಿದ್ರೆ ಬೀಗದ ಕೈ ವಾಪಸ್ ಕೊಡಿ. ಅಜ್ಜಿ ಪೆಟ್ಟಿಗೇನೂ ತಗೊಂಡು ಹೋಗಿ, ಯಾರೂ ಬೇಡ ಅನ್ನಲ್ಲ."

ಹೀಗೆ ಗೆಣಸು ಅಗೆದು ಮುಗಿದ ಒಂದು ಬೆಳಿಗ್ಗೆ ಪೆಟ್ಟಿಗೆ ಹೊರಟಿತು.

ಹೊರಡಿಸಲು ಮೊದಲು ಬಂದವನು ಪಕ್ಕದ ಮನೆಯ ಚೌ. ಎಂಥ ಭಾರವನ್ನಾದರೂ ಎತ್ತಿಸುವ ಕಲೆ ತನಗೆ ಗೊತ್ತೆಂದು ಹೇಳಿಕೊಳ್ಳುವವನು. ಅದು ನಿಜವೇ. ಎತ್ತಿಸುತ್ತಿದ್ದ, ಎತ್ತುತ್ತಿರಲಿಲ್ಲ. ಅವನ ಹಿಂದೆ ಊರಿಗೆ ಊರೇ ಬಂತು.

"ಗೆಣಸು ತೆಗೀರಿ, ಹಗುರ ಆಗುತ್ತೆ" ಎಂದ ಫುಶೆಂಗ್.

"ತೆಗೀತೀರಾ?" ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ಖಾಲಿ ಪೆಟ್ಟಿಗೆ ದಾರಿಗಿಳಿದ್ರೆ ತುಂಬಿಸಿಕೊಳ್ಳೋಕೆ ಯಾರನ್ನಾದ್ರೂ ಹುಡುಕುತ್ತೆ ಅಂತ ಗೊತ್ತಿಲ್ವೇನೋ? ತಲೆ ನರೆತರೂ ಬುದ್ಧಿ ಬಲೀಲಿಲ್ಲ ನಿಂಗೆ."

ಎಲ್ಲರೂ ಹೌದು ಹೌದು ಎಂದರು. ಪೆಟ್ಟಿಗೆ ತಮ್ಮನ್ನೇ ಹುಡುಕಿಕೊಂಡು ಬರುವುದು ಯಾರಿಗೂ ಬೇಡವಾಗಿತ್ತು. ಗೆಣಸಿನ ಮೇಲೆ ಅಜ್ಜಿಯ ಹತ್ತಿಯ ರಜಾಯಿ, ಚಳಿಗಾಲದ ಕೋಟು, ಹೊಗೆ ಹಾಯಿಸಿದ ಹಂದಿಮಾಂಸದ ಎರಡು ತುಂಡು, ಒಂದು ಉಪ್ಪಿನಕಾಯಿ ಜಾಡಿ ಎಲ್ಲ ಸೇರಿದವು. ಮುಚ್ಚಳ ಹಾಕಿ ಕೆಂಪು ಬಟ್ಟೆ ಕಟ್ಟಿದರು. ಫುಶೆಂಗನ ಮೂರು ಚಕ್ರದ ಮೋಟಾರು ಗಾಡಿಯ ಮೇಲೆ ಅದನ್ನು ಏರಿಸಿದಾಗ ಗಾಡಿ ಮುಂಗಾಲೆತ್ತಿದ ಕುದುರೆಯ ಹಾಗೆ ಎದ್ದಿತು. ಚೌ ತಾನು ಮುಂದೆ ಕೂತು ತೂಕ ಸರಿಮಾಡಿದ. ಅವತ್ತು ಅವನು ಮಾಡಿದ ಉಪಕಾರ ಅದೊಂದೇ.

"ಅಮ್ಮ, ನೀನು ಟ್ರ್ಯಾಕ್ಟರಲ್ಲಿ ಬಾ. ಅವರೆಲ್ಲ ಬರ್ತಿದಾರೆ."

"ನನ್ನ ಪೆಟ್ಟಿಗೆ ಒಂದು ಕಡೆ, ನಾನೊಂದು ಕಡೆ ಹೋಗೋದಾ?" ಎಂದು ಅಜ್ಜಿ ಪೆಟ್ಟಿಗೆಯ ಮೇಲೇರಿ ಕೂತು, ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದಳು.

ಗುಡ್ಡದ ತಿರುವಿನಲ್ಲಿ ಎದುರಿಗೆ ಬಂದವರೆಲ್ಲ ಗಾಡಿ ನಿಲ್ಲಿಸಿ ಟೋಪಿ ತೆಗೆದರು. ಒಬ್ಬ ಮುದುಕ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಯಾರು ಹೋದ್ರಮ್ಮ?"

"ನಾನೇ ಹೋಗ್ತಿರೋದು" ಎಂದಳು ಅಜ್ಜಿ, ಸಿಪ್ಪೆ ಉಗುಳಿ.

ಮುದುಕ ಹಿಂದೆ ತಿರುಗಿ ನೋಡದೆ ನಡೆದ.

ಅದು ಹೇಗೋ ಸಹಿಸಬಹುದಿತ್ತು. ಆದರೆ ಸೇತುವೆಯ ಹತ್ತಿರ ಬೇರೊಂದು ಊರಿನ ಸಾವಿನ ಮನೆಯಲ್ಲಿ ಊದಿ ವಾಪಸು ಹೋಗುತ್ತಿದ್ದ ವಾದ್ಯದವರು ಸಿಕ್ಕರು. ಕೆಂಪು ಬಟ್ಟೆ, ಕರಿ ಪೆಟ್ಟಿಗೆ, ಹಿಂದೆ ಎರಡು ಟ್ರ್ಯಾಕ್ಟರಿನ ತುಂಬ ಜನ. ಇಷ್ಟೆಲ್ಲ ಇದ್ದೂ ವಾದ್ಯ ಇಲ್ಲದ್ದು ನೋಡಿ ಅವರ ಮುಖ್ಯಸ್ಥನಿಗೆ ಹೊಟ್ಟೆ ಉರಿದುಹೋಯಿತು. ಮೋಟಾರ್ ಸೈಕಲ್ ತಿರುಗಿಸಿ ಪಕ್ಕದಲ್ಲೇ ಬಂದ.

"ಏನಣ್ಣ, ಹೆತ್ತ ತಾಯೀನ ಹೀಗೆ ಮೂಕವಾಗಿ ಕಳಿಸ್ತೀಯಾ? ಜನ ಏನಂತಾರೆ?"

"ಯಾರೂ ಸತ್ತಿಲ್ಲಪ್ಪ! ಅಮ್ಮ ಅಲ್ಲೇ ಕೂತವ್ಳೆ ನೋಡು!"

ಮುಖ್ಯಸ್ಥ ನೋಡಿದ. ಅಜ್ಜಿ ಅವನಿಗೂ ಒಂದು ಹಿಡಿ ಬೀಜ ಕೊಟ್ಟಳು.

"ಇವತ್ತಲ್ಲದಿದ್ರೆ ಇನ್ನೊಂದಿನ" ಎಂದ ಅವನು, ಬೀಜ ಒಡೆಯುತ್ತ. "ಈಗಲೇ ಗೊತ್ತುಮಾಡಿಟ್ರೆ ಅಜ್ಜಿಗೆ ಕಡಿಮೇಲಿ ಮಾಡಿಕೊಡ್ತೀನಿ."

"ಊದಿ ತೋರಿಸು ಮೊದ್ಲು" ಎಂದಳು ಅಜ್ಜಿ. "ನನ್ನ ಮೈದುನ ಸತ್ತಾಗ ಊದಿದ್ನಲ್ಲ ಒಬ್ಬ, ಎಮ್ಮೆ ಈಯ್ತಾ ಇದ್ದ ಹಾಗಿತ್ತು. ಅಂಥದ್ದು ನಂಗೆ ಬೇಡ."

ಅವರು ಊದಿದರು. ಚೆನ್ನಾಗಿಯೇ ಊದಿದರು. ಅಜ್ಜಿ ಪೆಟ್ಟಿಗೆಯ ಮೇಲೆ ಅಂಗೈಯಿಂದ ತಾಳ ಹಾಕಿದಳು. ಹೀಗಾಗಿ ಅವರ ಮೆರವಣಿಗೆ ಪೇಟೆಯೊಳಗೆ ಬಂದಾಗ ಅದು ಎಲ್ಲ ರೀತಿಯಿಂದಲೂ ಸಾವಿನ ಮೆರವಣಿಗೆಯೇ ಆಗಿತ್ತು, ಸತ್ತವರ ಕೊರತೆ ಒಂದು ಬಿಟ್ಟರೆ. ಅಂಗಡಿಯವರು ಬಾಗಿಲಿಗೆ ಬಂದರು. ಹಣ್ಣಿನವಳು ಫುಶೆಂಗನ ಕೈ ಹಿಡಿದು, "ದುಃಖ ತಡ್ಕೋ ತಮ್ಮ, ಎಲ್ಲರೂ ಒಂದಿನ ಹೋಗೋರೇ" ಎಂದಳು. ಅವನು ಇಲ್ಲಮ್ಮ, ಹಾಗಲ್ಲಮ್ಮ ಎಂದು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ಅದನ್ನು ಅವಳು ಅಳು ಎಂದುಕೊಂಡು ತಾನೂ ಕಣ್ಣೊರೆಸಿಕೊಂಡಳು.

ಮಹಡಿ ಮನೆಯ ಬುಡದಲ್ಲಿ ಔಯಾಂಗ್ ಹೂವಿನ ಹಾರ ಹಿಡಿದು ನಿಂತಿದ್ದಳು. ಬೈಶುವಾನ್‌ನಿಂದ ಬರುವ ಮೊದಲ ಸಂಸಾರವನ್ನು ಸ್ವಾಗತಿಸಬೇಕಲ್ಲ. ವಾದ್ಯ ಕೇಳಿ, ಪೆಟ್ಟಿಗೆ ನೋಡಿ, ಹಾರ ಯಾರಿಗೆ ಹಾಕುವುದೆಂದು ತಿಳಿಯದೆ ಅದನ್ನು ತನ್ನ ಕೈಗೇ ಸುತ್ತಿಕೊಂಡಳು.

ಇನ್ನು ಹತ್ತಿಸುವ ಕೆಲಸ. ಎಂಟು ಜನ ಹೆಗಲು ಕೊಟ್ಟರು. ಚೌ ಮುಂದೆ ಮುಂದೆ ಮೆಟ್ಟಿಲು ಹತ್ತುತ್ತ ಕೈ ಬೀಸಿದ. ಫುಶೆಂಗ್ ಕೆಳಗಿನ ತುದಿಯಲ್ಲಿದ್ದ. ಪೆಟ್ಟಿಗೆ ವಾಲಿದ ಕೂಡಲೇ ಒಳಗಿನ ಗೆಣಸೆಲ್ಲ ಗಡಗಡನೆ ಉರುಳಿ ಅವನ ತುದಿಗೇ ಬಂದು ಕೂತಿತು.

"ಎಡಕ್ಕೆ! ಎಡಕ್ಕೆ! ನಿನ್ನ ಎಡ ಅಲ್ವೋ, ನನ್ನ ಎಡ!"

"ನಿನ್ನ ಮುಖಾನೇ ಕಾಣ್ತಿಲ್ಲ ಚೌ, ನಿನ್ನ ಎಡ ಎಲ್ಲಿಂದ ನೋಡ್ಲಿ!"

ಮೊದಲ ಮಹಡಿ ದಾಟಿತು. ಎರಡನೆಯದರ ತಿರುವಿನಲ್ಲಿ ಪೆಟ್ಟಿಗೆಯ ತಲೆ ಗೋಡೆಗೂ ಬಾಲ ಕಂಬಿಗೂ ಕಚ್ಚಿಕೊಂಡಿತು. ಮುಂದೆ ತಳ್ಳಿದರೆ ಇಲ್ಲ, ಹಿಂದೆ ಎಳೆದರೆ ಇಲ್ಲ. ಮೇಲಿನವರು ಇಳಿಯುವಂತಿಲ್ಲ, ಕೆಳಗಿನವರು ಏರುವಂತಿಲ್ಲ. ಬೇರೆ ಊರಿಂದ ಮೊದಲೇ ಬಂದು ಮೇಲೆ ನೆಲೆಸಿದ್ದ ಒಬ್ಬಾಕೆ, ತರಕಾರಿಗೆ ಹೊರಟಿದ್ದವಳು, ಪೆಟ್ಟಿಗೆಯ ಮೇಲಿಂದಲೇ ಬುಟ್ಟಿ ದಾಟಿಸಿ, "ಅಣ್ಣ, ಹೇಗೂ ಕೆಳಗಿದೀಯ. ಎರಡು ಮೂಲಂಗಿ ತಂದುಕೊಡ್ತೀಯಾ?" ಎಂದು ಫುಶೆಂಗನನ್ನು ಕೇಳಿದಳು. ಅವನು ಹೆಗಲ ಮೇಲೆ ಪೆಟ್ಟಿಗೆ ಹೊತ್ತೇ ಹೂಂ ಎಂದ.

ಕೆಳಗೆ ಅಂಗಳದಿಂದ ಅಜ್ಜಿಯ ದನಿ ಕೇಳಿತು. "ಸಿಕ್ಕೊಂಡ್ತಾ? ನಾನು ಆವತ್ತೇ ಹೇಳ್ಲಿಲ್ವಾ?" ಹೇಳಿದ್ದು ನಿಜವಾದಾಗ ಮುದುಕರಿಗೆ ಬರುವ ತೃಪ್ತಿ ಆ ದನಿಯಲ್ಲಿತ್ತು. ಬೈಶುವಾನ್‌ನವರು ಟ್ರ್ಯಾಕ್ಟರಿನ ಮೇಲೆ ಕೂತು, ಆಗಲ್ಲ ಬಿಡಿ, ನಡೀರಿ ಮನೆಗೆ ಎಂದು ಗೊಣಗಿದರು. ಔಯಾಂಗ್ ಗೋಡೆಗೊರಗಿ ಹಾರದ ಹೂ ಕೀಳತೊಡಗಿದಳು.

ಫುಶೆಂಗನ ಬದುಕಿನಲ್ಲಿ ಅವನಿಗೆ ಸ್ವಂತವಾಗಿ ಹೊಳೆದ ವಿಚಾರಗಳು ಕಡಿಮೆ. ಆದರೆ ಆಗ, ಕತ್ತು ತಿರುಚಿ ಮೆಟ್ಟಿಲ ಕಿಟಕಿಯಿಂದ ಆಚೆ ನೋಡಿದಾಗ, ಪಕ್ಕದ ಅರೆಕಟ್ಟಿದ ಮನೆಗೆ ಕ್ರೇನು ಸಿಮೆಂಟಿನ ಚೀಲ ಏರಿಸುತ್ತಿರುವುದು ಕಂಡಿತು. ಅದರಾಚೆ ಶಾಲೆಯ ಅಡುಗೆಮನೆಯ ಕೊಳವೆಯಿಂದ ಹೊಗೆ ಏಳುತ್ತಿತ್ತು. ಮಿಂಗ್‌ಫೆನ್ ಮಕ್ಕಳಿಗೆ ಅನ್ನಕ್ಕಿಟ್ಟಿರಬೇಕು. ಹೊಗೆ ನೋಡಿ ಅವನಿಗೆ ಎಲ್ಲಿಲ್ಲದ ಶಕ್ತಿ ಬಂತು.

"ಇಳಿಸ್ರೋ!" ಎಂದು ಕೂಗಿದ. "ಬಾಲ್ಕನಿಯಿಂದ ಏರಿಸೋಣ!"

ಕ್ರೇನಿನವನು ಊಟಕ್ಕೆ ಕೂತಿದ್ದ. "ನಾನು ಹೆಣ ಎತ್ತಲ್ಲ" ಎಂದ.

"ಹೆಣ ಅಲ್ಲಪ್ಪ, ಗೆಣಸು!"

ನಂಬದೆ ಬಂದು ಮುಚ್ಚಳ ಸರಿಸಿ ನೋಡಿದ. ಗೆಣಸು ನೋಡಿದ, ರಜಾಯಿ ನೋಡಿದ. ಹೊಗೆಮಾಂಸದ ತುಂಡನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಅಜ್ಜಿ ನಿಟ್ಟುಸಿರು ಬಿಟ್ಟು ಒಂದು ತುಂಡು ಎತ್ತಿ ಅವನ ಕೈಗಿಟ್ಟಳು. ಕ್ರೇನು ಗುರುಗುಟ್ಟಿತು.

ಬಾಲ್ಕನಿಗೆ ಇನ್ನೂ ಕಬ್ಬಿಣದ ಸರಳು ಕೂರಿಸಿರಲಿಲ್ಲ. ಸರಳು ಬೆಸೆಯುವವನು ಬೆಳಗಿನಿಂದ ಅಲ್ಲೇ ಕಾದು ಕೂತಿದ್ದ. ಪೆಟ್ಟಿಗೆ ಕೆಂಪು ಬಟ್ಟೆ ಬೀಸುತ್ತ, ಲಿಯುಹೆ ಪೇಟೆಯ ನಡುವೆ, ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತ ಮೇಲೇರಿತು. ವಾದ್ಯದವರು ಯಾರೂ ಹೇಳದೆಯೇ ಮದುವೆಯ ರಾಗ ಹಿಡಿದರು. ಶಾಲೆಯ ಮಕ್ಕಳು ಗೋಡೆಯ ಮೇಲೆ ಸಾಲಾಗಿ ನಿಂತು ಹೋ ಎಂದು ಕೂಗಿದರು. ಬಾಲ್ಕನಿಯಲ್ಲಿ ನಿಂತು ಹಗ್ಗ ಎಳೆದುಕೊಂಡ ಫುಶೆಂಗನಿಗೆ ಎದುರಿನ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. ಕೈಯಲ್ಲಿ ಸೌಟು ಹಿಡಿದು, ಬಾಯಿ ತೆರೆದು, ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದಳು.

"ಮಿಂಗ್‌ಫೆನ್! ಬಂತು ನೋಡೇ! ಬಂದೇ ಬಿಡ್ತು!" ಎಂದು ಅವನು ಎರಡೂ ಕೈ ಬೀಸಿದ.

ಸೌಟು ಕೆಳಗೆ ಬಿತ್ತು. ಕಿಟಕಿ ಖಾಲಿಯಾಯಿತು. ಪಾಪ, ಸಂತೋಷ ತಡೆಯಲಾರದೆ ಓಡಿ ಬರುತ್ತಿದ್ದಾಳೆ ಎಂದುಕೊಂಡು ಅವನ ಕಣ್ಣು ತುಂಬಿತು.

ಪೆಟ್ಟಿಗೆ ನಡುಮನೆಗೆ ಬಂದು ಕೂತಿತು. ಕೂತ ಮೇಲೆ ನಡುಮನೆ ಎಂದು ಉಳಿದದ್ದು ಕಡಿಮೆ. ಅಡುಗೆಮನೆಗೆ ಹೋಗಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕು, ಮಲಗುವ ಕೋಣೆಗೆ ಹೋಗಬೇಕಾದರೆ ಮುಚ್ಚಳಕ್ಕೆ ಕೈಯೂರಿ ತಿರುಗಬೇಕು. ಅಜ್ಜಿ ಸುತ್ತ ನೋಡಿ, ಪೆಟ್ಟಿಗೆಯನ್ನು ತಟ್ಟಿ, "ಹೂಂ, ಈಗ ಮನೆ ಅನ್ನಿಸ್ತು" ಎಂದಳು. ಅತ್ತ ಸರಳಿನವನು ಕಿಡಿ ಹಾರಿಸುತ್ತ ಬಾಲ್ಕನಿಗೆ ಸರಳು ಬೆಸೆದು ಮುಗಿಸಿ, ಸಾಮಾನು ಎತ್ತಿಕೊಂಡು ಹೋದ. ಇನ್ನು ಆ ಪೆಟ್ಟಿಗೆ ಅಲ್ಲಿಂದ ಇಳಿಯಬೇಕಾದರೆ ಕಟ್ಟಡವನ್ನೇ ಒಡೆಯಬೇಕು.

ಕ್ಷಣದಲ್ಲಿ ಕಟ್ಟಡದ ಮುದುಕಿಯರೆಲ್ಲ ನೋಡಲು ಬಂದರು. ಅರಗಿನ ಹೊಳಪಿಗೆ ಮುಖ ಹಿಡಿದು ಕೂದಲು ಸರಿಮಾಡಿಕೊಂಡರು. ಇಷ್ಟು ಒಳ್ಳೆಯ ಮರ ಈಗ ಎಲ್ಲಿ ಸಿಗುತ್ತೆ ಎಂದರು. ಒಬ್ಬಾಕೆ ಇಸ್ಪೀಟು ತಂದಳು. ಮುಚ್ಚಳದ ಮೇಲೆ ಎಲೆ ಹಂಚಿದ್ದೇ ತಡ, ತಾನ್ ಅಜ್ಜಿ ಬೈಶುವಾನ್ ಎಂಬ ಊರಿತ್ತು ಎಂಬುದನ್ನೇ ಮರೆತಳು. ಮೊದಲ ಆಟವನ್ನೇ ಗೆದ್ದಳು.

ಕೆಳಗೆ ಇನ್ನೊಂದು ಸೋಜಿಗ ನಡೆದಿತ್ತು. ಪೆಟ್ಟಿಗೆ ಏರಿದ್ದನ್ನು ಕಣ್ಣಾರೆ ಕಂಡ ಬೈಶುವಾನ್‌ನವರು ಟ್ರ್ಯಾಕ್ಟರಿನಿಂದ ಧುಮುಕಿ ಔಯಾಂಗಳನ್ನು ಮುತ್ತಿದ್ದರು. "ನಮ್ಮಪ್ಪನ ಪೆಟ್ಟಿಗೆ ಇದಕ್ಕಿಂತ ಒಂದು ಗೇಣು ಉದ್ದ, ನಮಗೆ ಕೆಳಗಿನ ಮಹಡಿ ಕೊಡಮ್ಮ." "ನಮಗೂ ಆ ಸರಳು ಹಾಕೋ ಮೊದಲೇ ಕ್ರೇನು ಬೇಕು." "ನಾನೇ ಮೊದಲು ಅಂದಿದ್ದು!" ಎಂದು ಚೌ ಎಲ್ಲರಿಗಿಂತ ಮುಂದೆ ನುಗ್ಗಿ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡ. ಮೊದಲನೆಯವನು ಫುಶೆಂಗ್ ಎಂದು ಎಲ್ಲರೂ ಒಪ್ಪಿಕೊಂಡಿದ್ದರಿಂದ, ಉಳಿದವರೆಲ್ಲ ನಿಶ್ಚಿಂತೆಯಿಂದ ನಡುವಿನವರಾಗಿಬಿಟ್ಟರು.

"ಅಣ್ಣ, ನೀವು ಚಿನ್ನ!" ಎಂದಳು ಔಯಾಂಗ್. "ಊರಿಗೆ ಊರೇ ಒಪ್ತು. ಅತ್ತಿಗೇನ ಕರ್ಕೊಂಡು ಬನ್ನಿ, ನಿಮ್ಮದೂ ಮುಗಿಸಿಬಿಡೋಣ."

ಅತ್ತಿಗೆ ಇನ್ನೂ ಬಂದಿರಲಿಲ್ಲ. ಫುಶೆಂಗ್ ಮೊದಲು ಎರಡು ಮೂಲಂಗಿ ಕೊಂಡು ಮೇಲಿನಾಕೆಗೆ ತಲುಪಿಸಿ, ಆಮೇಲೆ ಶಾಲೆಯ ಅಡುಗೆಮನೆಗೆ ಹೋದ. ದೊಡ್ಡ ಬಾಣಲೆ ಉಜ್ಜುತ್ತಿದ್ದ ಹೆಂಗಸು ಅವನನ್ನು ವಿಚಿತ್ರವಾಗಿ ನೋಡಿದಳು.

"ಅವಳು ಹೋದಳಲ್ಲ. ಇನ್ನು ಕೆಲಸಕ್ಕೆ ಬರಲ್ಲ ಅಂದ್ಲು. ಬಟ್ಟೆ ಗಂಟು ಕಟ್ಕೊಂಡು ಮಿನಿ ಬಸ್ಸು ಹತ್ತಿದ್ಲು."

"ಎಲ್ಲಿಗೆ?"

"ಮನೆಗೆ ಅಂದ್ಲಪ್ಪ. ಯಾವ ಮನೆ ಅಂತ ನಾ ಕೇಳ್ಲಿಲ್ಲ."

ಹೆಂಗಸು ಗಂಟು ಕಟ್ಟಿಕೊಂಡು ಮನೆಗೆ ಎಂದರೆ ತವರಿಗೇ ಎಂದುಕೊಂಡ ಫುಶೆಂಗ್. ಊರೆಲ್ಲ ನೋಡುವ ಹಾಗೆ ಮೆರವಣಿಗೆ ಮಾಡಿದ್ದಕ್ಕೆ ಸಿಟ್ಟಾದಳೇ? ಶಾಲೆಯ ಮಕ್ಕಳ ಮುಂದೆ ಹೆಸರು ಹಿಡಿದು ಕೂಗಿದ್ದಕ್ಕೇ? ಮಹಡಿಗೆ ಓಡಿ ಅಮ್ಮನಿಗೆ ಹೇಳಿದ. ಅಜ್ಜಿ ಕೈಯಲ್ಲಿದ್ದ ಎಲೆಗಳಿಂದ ಕಣ್ಣೆತ್ತಲಿಲ್ಲ. "ಹೋಗಿ ಕರ್ಕೊಂಡು ಬಾ. ಬರುವಾಗ ರಾತ್ರಿಗೆ ಸೊಪ್ಪು ತಗೊಂಡು ಬಾ. ಈ ಗ್ಯಾಸು ಹಚ್ಚೋದು ನಂಗೆ ಬರಲ್ಲ, ನೀನೇ ಬಂದು ಬೇಯಿಸ್ಬೇಕು" ಎಂದಳು.

ಅವನು ಗಾಡಿ ಓಡಿಸಿದ. ಹೆಂಡತಿಯ ತವರಿಗೆ ಹೋಗುವ ದಾರಿ ಬೈಶುವಾನ್ ಗುಡ್ಡದ ಬುಡದಲ್ಲಿ ಕವಲೊಡೆಯುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ, ಮಾವನಿಗೆ ಏನು ಹೇಳಲಿ, ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಹೊತ್ತು ಮುಳುಗುವ ತನಕ ಯೋಚಿಸಿದ. ಆಮೇಲೆ ಸುಮ್ಮನೆ ತಲೆ ಎತ್ತಿ ನೋಡಿದರೆ, ಗುಡ್ಡದ ಮೇಲೆ ತನ್ನ ಮನೆಯ ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು.

ಉಸಿರು ಬಿಡದೆ ಮೇಲೆ ಬಂದ. ಬಾಗಿಲು ಹಾರುಹೊಡೆದಿತ್ತು. ನಡುಮನೆ ಗುಡಿಸಿ ನೀರು ಚಿಮುಕಿಸಿತ್ತು. ಪೆಟ್ಟಿಗೆ ಇದ್ದ ಜಾಗದಲ್ಲಿ ಊಟದ ಮೇಜು ಬಂದು ನಿಂತಿತ್ತು, ಅದರ ಮೇಲೆ ಬೆಳ್ಳುಳ್ಳಿ ಚಿಗುರು ಹಾಕಿ ಹುರಿದ ಮಾಂಸ, ಬಿಸಿ ಅನ್ನ, ಎರಡು ಬಟ್ಟಲು. ಮಿಂಗ್‌ಫೆನ್ ತೋಳು ಮೇಲೆತ್ತಿಕೊಂಡು, ಏನೋ ಗುನುಗುತ್ತ, ಗೋಡೆಯ ಮಸಿ ಉಜ್ಜುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನೋಡಿದ ಮುಖ ಅದು. ಆ ನಗು ಎಷ್ಟು ವರ್ಷಗಳಿಂದ ಎಲ್ಲಿ ಹೋಗಿತ್ತೋ ಎಂದು ಫುಶೆಂಗನಿಗೆ ಅಳುವೇ ಬಂತು.

"ಬಂದ್ಯಾ? ಕೈ ತೊಳ್ಕೋ, ಆರಿಹೋಗುತ್ತೆ."

"ಮಂಡಿ?" ಎಂದ ಅವನು. ಬೇರೇನೂ ತೋಚಲಿಲ್ಲ. "ಗುಡ್ಡ ಹೇಗೆ ಹತ್ತಿದೆ?"

"ಕಾಲಲ್ಲಿ" ಎಂದು ನಕ್ಕಳು. "ಮಂಡಿಗೆ ಏನಾಗಿದೆ? ಮಂಡಿ ಚೆನ್ನಾಗೇ ಇದೆ."

ಅವನು ಕೂತ. ಎರಡು ತುತ್ತು ಉಂಡ. ಸ್ವರ್ಗ ಎಂದರೆ ಇದೇ ಎನ್ನಿಸಿತು. ಮೂರನೆಯ ತುತ್ತಿಗೆ ಔಯಾಂಗ್ ನೆನಪಾದಳು.

"ಬೇಗ ಊಟ ಮಾಡು. ಸಾಮಾನು ಕಟ್ಟೋಣ. ನಾಳೆ ಬೆಳಿಗ್ಗೆ ಹೋಗಿ ಹೆಬ್ಬೆಟ್ಟೊತ್ತಿದ್ರೆ ಹೊಸ ಮನೆ ನಮ್ಮದೇ. ಶಾಲೆ ಎದುರಿಗೇ! ಇನ್ನು ದಿನಾ ನಾವು ಮೂವರೂ…"

"ನಾಲ್ವರು" ಎಂದಳು ಮಿಂಗ್‌ಫೆನ್.

"ನಾಲ್ವರಾ?"

"ನಾನು, ನೀನು, ಅತ್ತೆ, ಆ ಪೆಟ್ಟಿಗೆ." ಅವಳು ಬಟ್ಟಲು ಕೆಳಗಿಟ್ಟಳು. "ನಾನು ಬರಲ್ಲ."

"ಯಾಕೇ?" ಎಂದ ಫುಶೆಂಗ್.

"ನಂಗೆ ಅದನ್ನ ಕಂಡ್ರೆ ಹೆದರಿಕೆ ಕಣಯ್ಯ! ಮೊದಲಿಂದ್ಲೂ! ರಾತ್ರಿ ಎದ್ದು ಹಿತ್ತಲಿಗೆ ಹೋಗ್ಬೇಕಾದ್ರೆ ಅದರ ಪಕ್ಕಾನೇ ಹೋಗ್ಬೇಕು. ಒಳಗೆ ಗೆಣಸು ಉರುಳಿದ್ರೆ ನನ್ನ ಪ್ರಾಣಾನೇ ಉರುಳೋದು. ಪ್ರತಿ ವರ್ಷ ಅರಗು ಬಳಿದಾಗ ಇನ್ನಷ್ಟು ಮಿಂಚಿ ನನ್ನನ್ನೇ ನೋಡಿದ ಹಾಗಾಗೋದು. ಅದಕ್ಕೇ ಶಾಲೆ ಕೆಲಸ ಹಿಡಿದದ್ದು. ಇಲ್ಲಾಂದ್ರೆ ಊರ ಮಕ್ಕಳಿಗೆ ಅನ್ನ ಬೇಯಿಸೋ ಹಣೆಬರಹ ನಂಗ್ಯಾಕೆ?"

"ಒಂದು ಮಾತು ಹೇಳಬಾರದಿತ್ತೇನೇ?"

"ಯಾರಿಗೆ? ಅತ್ತೆ ಪೆಟ್ಟಿಗೆ ಮನೇಲಿ ಬೇಡ ಅಂತ ಸೊಸೆ ಹೇಳಿದ್ರೆ ಏನರ್ಥ ಬರುತ್ತೆ? ಬೇಗ ಬಳಸಿಬಿಡಿ ಅಂತ ತಾನೇ? ಆ ಚೌ ಒಬ್ಬ ಸಾಕು, ಊರೆಲ್ಲ ಡಂಗೂರ ಹೊಡೆಯೋಕೆ. ಮಂಡಿ ನೋವು ಅಂದ್ರೆ ಯಾರಿಗೂ ನೋವಿಲ್ಲ." ಅವಳು ಮನೆಯನ್ನು ಕಣ್ಣು ತುಂಬ ನೋಡಿದಳು. "ಇವತ್ತು ಅದು ಗಾಳಿಯಲ್ಲಿ ಹಾರಿ ಹೋಗೋದು ಕಂಡ ಕೂಡಲೇ ಅಂದ್ಕೊಂಡೆ, ಸದ್ಯ, ಮನೆ ಖಾಲಿಯಾಯ್ತು, ನಾನು ನನ್ನ ಮನೆಗೆ ಹೋಗಬಹುದು. ಎಷ್ಟು ಅಗಲ ಇದೆ ನೋಡು ಈ ನಡುಮನೆ! ಇದನ್ನು ಬಿಟ್ಟು ಆ ಮೂರು ಕೋಣೆಗೆ ಬಂದು, ನೀರು ಕುಡಿಯೋಕೂ ಅದನ್ನ ಸವರ್ಕೊಂಡು ಹೋಗ್ಲಾ? ಕತ್ತು ಕುಯ್ದರೂ ನಾನು ಹೆಬ್ಬೆಟ್ಟು ಒತ್ತಲ್ಲ."

"ಹಾಗಾದ್ರೆ ಅಮ್ಮನ್ನ ವಾಪಸ್ ಕರ್ಕೊಂಡು…" ಎಂದು ಶುರುಮಾಡಿ, ಬಾಲ್ಕನಿಯ ಸರಳು ನೆನಪಾಗಿ ಫುಶೆಂಗ್ ಸುಮ್ಮನಾದ.

ಬೆಳಿಗ್ಗೆ ಅವನಿಗೆ ಗುಡ್ಡದ ಮೇಲೆ ತಾಯಿ, ಕೆಳಗೆ ಹೆಂಡತಿ ಇದ್ದರು. ಈಗ ಮೇಲೆ ಹೆಂಡತಿ, ಕೆಳಗೆ ತಾಯಿ. ಇಷ್ಟು ಬದಲಾವಣೆಗೆ ಅವನು ಎರಡು ಟ್ರ್ಯಾಕ್ಟರು ಜನ, ಒಂದು ವಾದ್ಯದ ಮೇಳ, ಒಂದು ಕ್ರೇನು ತರಿಸಿದ್ದ. ಹಾಗೆಂದು ಬೇಜಾರಾಯಿತೇ ಎಂದರೆ, ಪೂರ್ತಿ ಆಯಿತು ಎನ್ನುವಂತೆಯೂ ಇಲ್ಲ. ಮಾಂಸ ರುಚಿಯಾಗಿತ್ತು. ಎದುರಿಗೆ ಕೂತವಳು ಇನ್ನೊಂದು ಸೌಟು ಬಡಿಸಿ ನಗುತ್ತಿದ್ದಳು.

ಫೋನು ಬಡಿದುಕೊಂಡಿತು. ಅಮ್ಮ. ಹಿಂದೆ ಮುದುಕಿಯರ ಗಲಾಟೆ ಕೇಳುತ್ತಿತ್ತು. "ಎಲ್ಲಿದೀಯೋ? ಆಟ ಮುಗೀತು, ಹಸಿವಾಗ್ತಿದೆ. ಸೊಪ್ಪು ತಗೊಂಡ್ಯಾ?"

"ಬಂದೆ ಅಮ್ಮ" ಎಂದು ಅವನು ಎದ್ದ.

"ರಾತ್ರಿ ಎಷ್ಟು ಹೊತ್ತಾದ್ರೂ ವಾಪಸ್ ಬರ್ಬೇಕು" ಎಂದಳು ಮಿಂಗ್‌ಫೆನ್. "ಒಬ್ಬಳೇ ಮಲಗೋಕೆ ನಾನೇನು ಕೆಲಸ ಬಿಟ್ಟು ಬಂದಿಲ್ಲ."

"ಬರ್ತೀನಿ" ಎಂದ.

ಅಂಗಳಕ್ಕಿಳಿದು ಹಿತ್ತಲಲ್ಲಿ ಒಂದು ಕಟ್ಟು ಸೊಪ್ಪು ಕಿತ್ತ. ಗಾಡಿ ಶುರುಮಾಡುವಾಗ ಫೋನು ಮತ್ತೆ ಬಂತು. ಔಯಾಂಗ್. ಸುಸ್ತಾದ ದನಿ, ಆದರೆ ಸಂತೋಷದ್ದು.

"ಅಣ್ಣ, ಇಡೀ ಬೈಶುವಾನ್ ಮುಗೀತು! ನಿಮ್ಮ ಮನೆ ಒಂದೇ ಬಾಕಿ. ನಾಳೆ ಅತ್ತಿಗೇನ ಕರ್ಕೊಂಡು ಬರ್ತೀರಲ್ಲ?"

ಫುಶೆಂಗ್ ಬಾಗಿಲ ಕಡೆ ನೋಡಿದ. ಹೆಂಡತಿ ಹೊಸ್ತಿಲ ಮೇಲೆ ನಿಂತು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಜೀವಮಾನದಲ್ಲಿ ಮೊದಲ ಬಾರಿ ಅವನು ಇನ್ನೊಬ್ಬರಿಗೆ ಇಲ್ಲ ಎಂದ.

"ಬಿಟ್ಟುಕೊಡಲ್ವಾ?" ಔಯಾಂಗಳ ದನಿ ಅಳುವಂತಾಯಿತು. "ಊರನ್ನೆಲ್ಲ ಒಪ್ಪಿಸಿದವರು ನೀವೇ! ಮೇಲಿನವರಿಗೆ ನಾನು ಕಾರಣ ಬರೆದು ಕಳಿಸ್ಬೇಕು. ಮನೆಯವರಲ್ಲಿ ಯಾರು ಬೇಡ ಅಂದ್ರು, ಯಾಕೆ ಬೇಡ ಅಂದ್ರು, ಏನಂತ ಬರೀಲಿ ಅಣ್ಣ?"

ಅವನು ಇನ್ನೊಮ್ಮೆ ಹೊಸ್ತಿಲ ಕಡೆ ನೋಡಿದ. ಮಿಂಗ್‌ಫೆನ್ ತುಟಿಯ ಮೇಲೆ ಬೆರಳಿಟ್ಟು, ಕೈ ಮುಗಿದಳು.

"ಬರ್ಕೊಳ್ಳಿ" ಎಂದ ಫುಶೆಂಗ್, ಗಂಟಲು ಸರಿಮಾಡಿಕೊಂಡು. "ತಾನ್ ಫುಶೆಂಗನಿಗೆ ಹುಟ್ಟಿದ ಮನೆ ಮೇಲೆ ಮೋಹ. ಪ್ರಾಣ ಹೋದರೂ ಅವನು ಪೇಟೆಗೆ ಕಾಲಿಡೋದಿಲ್ಲ ಅಂತ."

ಫೋನು ಜೇಬಿಗಿಟ್ಟು, ಸೊಪ್ಪಿನ ಕಟ್ಟನ್ನು ಪಕ್ಕದಲ್ಲಿಟ್ಟುಕೊಂಡು, ಅವನು ಪೇಟೆಯ ಕಡೆ ಗಾಡಿ ಬಿಟ್ಟ.